ಹುಲ್ಲುಹಾಸಿನ ಬಿಳಿ ಕೊಡೆಗಳು

ಮುಂಗಾರಿನ ನಾಲ್ಕು ಮಳೆ ಬಿದ್ದು ಬಿಸಿಲು ಇಣುಕಿದರೆ ಸಾಕು, ಮನೆಮುಂದಿನ ಹುಲ್ಲಿನ ನಡುವೆ ಅಣಬೆಗಳು ತಲೆಯೆತ್ತುತ್ತವೆ. ಲಾನ್‌ಗೆ ರೋಗ ಬಂತೆಂದು ಗಾಬರಿಯಾಗಿ ಔಷಧಿ ತಂದು ಸಿಂಪಡಿಸುವವರು ಬಹಳ ಮಂದಿ. ಆ ಖರ್ಚು ದಂಡ. ನಮ್ಮ ಕಣ್ಣಿಗೆ ಬೀಳುವ ಕೊಡೆ, ಬೀಜಕಗಳನ್ನು ಹರಡಲು ಶಿಲೀಂಧ್ರ ಮೇಲಕ್ಕೆ ಕಳಿಸಿದ ಭಾಗವಷ್ಟೆ. ಅದರ ಒಡಲೆಲ್ಲ ಬಿಳಿ ನೂಲಿನಂಥ ಎಳೆಗಳಾಗಿ ಮಣ್ಣಿನೊಳಗಿರುತ್ತದೆ. ಹಿಂದೆಂದೋ ಕಡಿದ ಮರದ ಬೇರು, ಹಳೇ ಗೊಬ್ಬರ, ಕೊಳೆತ ಹುಲ್ಲು ಅದಕ್ಕೆ ಆಹಾರ. ಮೊಗ್ಗು ನೆಲದಡಿ ಮೊದಲೇ ಸಿದ್ಧವಾಗಿರುತ್ತದೆ. ಮಳೆನೀರು ಹೀರಿ ಹಿಗ್ಗುವುದರಿಂದಲೇ ರಾತ್ರಿ ಬೆಳಗಾಗುವುದರೊಳಗೆ ಅಷ್ಟೆತ್ತರ. ಕೊಳೆತದ್ದನ್ನು ಕರಗಿಸಿ ಹುಲ್ಲಿಗೇ ಸಾರವಾಗಿ ಕೊಡುವ ಜೀವಿಯನ್ನು ಕೊಲ್ಲುವ ಅಗತ್ಯವಾದರೂ ಏನು? ಕೆಲವೊಮ್ಮೆ ಅಣಬೆಗಳು ಬಳೆಯಾಕಾರದಲ್ಲಿ ಏಳುತ್ತವೆ. ಆ ಅಂಚಿನ ಹುಲ್ಲು ಉಳಿದದ್ದಕ್ಕಿಂತ ಕಡುಹಸಿರಾಗಿರುವುದನ್ನು ನೋಡಿ.

ಭಯಪಡಬೇಕಾದ್ದು ಬೇರೆಯೇ ಇದೆ. ಲಾನ್‌ಗಳಲ್ಲಿ ಏಳುವ ಅಣಬೆಗಳಲ್ಲಿ ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಎಂಬುದೊಂದಿದೆ. ಊಟದ ತಟ್ಟೆಯಷ್ಟು ಅಗಲಕ್ಕೂ ಅರಳಬಲ್ಲದು. ಬಿಳಿ ಟೋಪಿ, ನಡುವೆ ಕಂದು ಹೊಪ್ಪಳಿಕೆ, ಕಾಂಡಕ್ಕೊಂದು ಉಂಗುರ. ನೋಡಿದರೆ ಸಾರು ಮಾಡೋಣ ಎನಿಸುವಷ್ಟು ಚೆಂದ. ಎಳೆಯದರ ಅಡಿಯ ಪದರಗಳು ಬಿಳಿಯಾಗಿಯೇ ಇದ್ದು, ಬಲಿತಂತೆ ಹಸಿರು ಛಾಯೆಗೆ ತಿರುಗುತ್ತವೆ. ಬಲಿತ ಟೋಪಿಯನ್ನು ಬಿಳಿ ಹಾಳೆಯ ಮೇಲೆ ಬೋರಲು ಹಾಕಿ, ಮೇಲೊಂದು ಬಟ್ಟಲು ಮುಚ್ಚಿಟ್ಟರೆ ಮರುದಿನ ಮಾಸಲು ಹಸಿರು ಪುಡಿ ಉದುರಿರುತ್ತದೆ. ಅದೇ ಇದರ ಗುರುತು. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಹಿಡಿದು ಮನುಷ್ಯ ಹೈರಾಣಾಗುತ್ತಾನೆ.

ಮಲೆನಾಡು, ಕರಾವಳಿಯವರು ಹುತ್ತದ ಅಣಬೆಯನ್ನು ಆರಿಸಿ ತಂದು ತಿನ್ನುತ್ತಾರಲ್ಲ ಎನ್ನಬಹುದು. ಗೆದ್ದಲುಗಳೇ ಗೂಡಿನೊಳಗೆ ಸಾಕುವ ಶಿಲೀಂಧ್ರ ಅದು. ಅದು ಏಳುವ ಜಾಗ, ಕಾಲ, ನೆಲದೊಳಕ್ಕೆ ಇಳಿದ ಉದ್ದ ಬುಡ, ಎಲ್ಲವನ್ನೂ ಹಿರಿಯರ ಜತೆ ತಿರುಗಿ ಕಲಿತವರು ಅವರು. ಆ ತಿಳಿವಳಿಕೆಯನ್ನು ನಾನು ತುಂಬಾ ಗೌರವಿಸುತ್ತೇನೆ. ಆದರೆ ಅದು ಪಟ್ಟಣದ ಲಾನ್‌ಗೆ ಅನ್ವಯಿಸುವುದಿಲ್ಲ. ಬೆಳ್ಳಿ ಚಮಚ ಕಪ್ಪಾಗದಿದ್ದರೆ, ಹುಳು ತಿಂದಿದ್ದರೆ ವಿಷವಿಲ್ಲ ಎಂಬ ಮಾತುಗಳನ್ನಂತೂ ನಂಬಲೇಬೇಡಿ. ಕೆಲವು ಅಣಬೆಗಳ ವಿಷ ಎಷ್ಟು ಬೇಯಿಸಿದರೂ ಹೋಗದು.

ಅಂಬೆಗಾಲಿಡುವ ಮಗುವೋ ಸಾಕುನಾಯಿಯೋ ಮನೆಯಲ್ಲಿದ್ದರೆ ದಿನಾ ಬೆಳಿಗ್ಗೆ ಅಣಬೆಗಳನ್ನು ಕಿತ್ತು ಕಸಕ್ಕೆ ಹಾಕಿ, ಕೈ ತೊಳೆದುಕೊಳ್ಳಿ. ಯಾರಾದರೂ ತಿಂದುಬಿಟ್ಟರೆ ವಾಂತಿಯಾಗಲೆಂದು ಕಾಯಬೇಡಿ. ಉಳಿದ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಿ.