ಬರೀ ಮಾಂಸ ತಿಂದ್ರೆ ಶುಗರ್ ಇಳಿಯುತ್ತಾ? ‘ಕಾರ್ನಿವೋರ್ ಡಯಟ್’ ಶುರು ಮಾಡೋ ಮುಂಚೆ ಇದನ್ನ ಓದಿ

ಭದ್ರಾವತಿ: ಅನ್ನ ಬಿಡಿ, ಮುದ್ದೆ ಬಿಡಿ, ಸೊಪ್ಪು ತರಕಾರಿನೂ ಬಿಡಿ. ಬರೀ ಮಾಂಸ, ಮೊಟ್ಟೆ, ಉಪ್ಪು, ನೀರು ಸಾಕು. ತೂಕ ಇಳಿಯುತ್ತೆ, ಶುಗರ್ ನಾರ್ಮಲ್ ಆಗುತ್ತೆ, ಮಂಡಿ ನೋವೂ ಹೋಗುತ್ತೆ. ಮೊಬೈಲ್ ತೆಗೆದರೆ ಇಂಥ ರೀಲ್ಸ್‌ಗಳು ಸಾಲುಸಾಲಾಗಿ ಬರುತ್ತವೆ. ಇದಕ್ಕೆ ‘ಕಾರ್ನಿವೋರ್ ಡಯಟ್’ ಅಂತ ಹೆಸರು.

ಕಾಗದನಗರದಂಥ ಊರಲ್ಲಿ ಈ ಮಾತು ಬೇಗ ನಾಟುತ್ತದೆ. ಎಂಪಿಎಂ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿದ್ದು 2015ರಲ್ಲಿ. ಮೂರು ಪಾಳಿಯಲ್ಲಿ ಬೆವರು ಹರಿಸುತ್ತಿದ್ದ ಕಾಲದ ಊಟದ ಅಳತೆ ಎಷ್ಟೋ ಮನೆಗಳಲ್ಲಿ ಹಾಗೇ ಉಳಿದಿದೆ, ಮೈಗೆ ಕೆಲಸ ಮಾತ್ರ ಕಡಿಮೆಯಾಗಿದೆ. ಶುಗರ್, ಬಿಪಿ ಮಾತ್ರೆಗಳು ಮನೆಮನೆಯ ಕಪಾಟಿನಲ್ಲಿವೆ. ‘ಮಾತ್ರೆ ಬಿಟ್ಟುಬಿಡಬಹುದು’ ಅಂತ ಯಾರಾದರೂ ಅಂದರೆ ಕಿವಿ ನಿಮಿರುವುದು ಸಹಜ. ಹಾಗಾಗಿ ಈ ಡಯಟ್‌ನಲ್ಲಿ ನಿಜ ಎಷ್ಟು, ಅಪಾಯ ಎಲ್ಲಿದೆ ಅನ್ನೋದನ್ನ ತಿಳಿದುಕೊಳ್ಳೋಣ.

► ನಮ್ಮ ಬಾಡೂಟಕ್ಕೂ ಇದಕ್ಕೂ ಏನು ವ್ಯತ್ಯಾಸ?

‘ನಮ್ಮ ಅಜ್ಜ ಮಾಂಸ ತಿಂದೇ ಗಟ್ಟಿಯಾಗಿದ್ದ’ ಅನ್ನುವವರು ಅಜ್ಜನ ತಟ್ಟೆಯನ್ನು ಪೂರ್ತಿ ನೆನಪಿಸಿಕೊಳ್ಳಬೇಕು. ಮಲೆನಾಡಿನಲ್ಲಿ ಕೋಳಿ ಸಾರು ಅಂದರೆ ಜೊತೆಗೆ ಕಡುಬು, ಇಲ್ಲ ಅಕ್ಕಿ ರೊಟ್ಟಿ. ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ಅರೆದ ತೆಂಗಿನಕಾಯಿ. ಪಕ್ಕಕ್ಕೆ ಹೆಚ್ಚಿದ ಈರುಳ್ಳಿ, ನಿಂಬೆಹೋಳು. ಶಿವಮೊಗ್ಗದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬ ಜಾತ್ರೆಯ ಬಾಡೂಟವೂ ಬರೀ ಮಾಂಸದ ಊಟವಲ್ಲ. ಮೇಲಾಗಿ ಅದು ಹಬ್ಬದೂಟ, ದಿನದ ಮೂರು ಹೊತ್ತಿನ ಊಟವಲ್ಲ.

ಕಾರ್ನಿವೋರ್ ಡಯಟ್‌ನಲ್ಲಿ ಕಾಯಿ, ಈರುಳ್ಳಿ, ಮಸಾಲೆ ಯಾವುದಕ್ಕೂ ಜಾಗವಿಲ್ಲ. ಗಿಡದಿಂದ ಬಂದದ್ದೆಲ್ಲ ನಿಷಿದ್ಧ.

► ಹಾಗಾದ್ರೆ ಲಾಭ ಏನೂ ಇಲ್ವಾ?

ಇದೆ. ಅದನ್ನು ಒಪ್ಪಿಕೊಳ್ಳಬೇಕು.

• ಅನ್ನ, ಸಕ್ಕರೆ, ಬೇಕರಿ ತಿಂಡಿ, ಕೂಲ್ ಡ್ರಿಂಕ್ಸ್ ಎಲ್ಲ ಒಂದೇ ಸಲಕ್ಕೆ ನಿಂತರೆ ಊಟದ ನಂತರದ ಶುಗರ್ ಇಳಿಯುತ್ತದೆ.

• ಪ್ರೋಟೀನ್ ಜಾಸ್ತಿಯಾದಾಗ ಹೊಟ್ಟೆ ಬೇಗ ತುಂಬುತ್ತದೆ. ತಿನ್ನುವ ಪ್ರಮಾಣ ಕಡಿಮೆಯಾಗಿ ತೂಕವೂ ಇಳಿಯುತ್ತದೆ. ಆದರೆ ಮೊದಲ ವಾರ ಇಳಿಯುವ ಎರಡು ಮೂರು ಕೆ.ಜಿ.ಯಲ್ಲಿ ಹೆಚ್ಚಿನದು ನೀರು, ಕೊಬ್ಬಲ್ಲ.

• ಬಿ12 ವಿಟಮಿನ್ ಸಹಜವಾಗಿ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಂಥ ಪ್ರಾಣಿಜನ್ಯ ಆಹಾರದಲ್ಲಿ. ಮಾಂಸದ ಕಬ್ಬಿಣಾಂಶವನ್ನು ದೇಹ ಸೊಪ್ಪಿನದಕ್ಕಿಂತ ಸುಲಭವಾಗಿ ಹೀರಿಕೊಳ್ಳುತ್ತದೆ.

ಈ ಕೊನೆಯ ಅಂಶ ನಮಗೆ ಮುಖ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ.47.8 ಮಂದಿಗೆ ರಕ್ತಹೀನತೆ ಇದೆ. ಭಾನುವಾರ ಮಾಂಸ ತಂದರೂ ಪೀಸ್ ಗಂಡಸರಿಗೆ, ಮಕ್ಕಳಿಗೆ. ಅಮ್ಮನ ಪಾಲಿಗೆ ಕೊನೇಲಿ ಉಳಿದ ಸಾರು ಅನ್ನುವ ಮನೆಗಳು ಈಗಲೂ ಇವೆ. ಅಂಥ ಮನೆಗೆ ಬೇಕಿರುವುದು ಕಾರ್ನಿವೋರ್ ಡಯಟ್ ಅಲ್ಲ, ಪೀಸ್ ಸಮನಾಗಿ ಹಂಚುವುದು.

► ಸಂಶೋಧನೆ ಏನು ಹೇಳುತ್ತೆ?

1928ರಲ್ಲಿ ನ್ಯೂಯಾರ್ಕ್‌ನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ನಿಗಾದಲ್ಲಿ ಒಂದು ಪ್ರಯೋಗ ಶುರುವಾಯಿತು. ಧ್ರುವ ಪ್ರದೇಶ ಸುತ್ತಿ ಬಂದಿದ್ದ ವಿಲ್ಜಾಲ್ಮರ್ ಸ್ಟೆಫಾನ್ಸನ್ ಮತ್ತು ಕಾರ್ಸ್ಟನ್ ಆಂಡರ್ಸನ್ ಒಂದು ವರ್ಷ ಬರೀ ಮಾಂಸ ತಿಂದರು. ವರ್ಷದ ಕೊನೆಗೆ ಇಬ್ಬರೂ ಚೆನ್ನಾಗೇ ಇದ್ದರು. ಇವತ್ತಿಗೂ ಕಾರ್ನಿವೋರ್ ಪ್ರಚಾರಕರು ಇದನ್ನೇ ಉದಾಹರಿಸುತ್ತಾರೆ.

ಆದರೆ ಪೂರ್ತಿ ಕಥೆ ಬೇರೆ ಇದೆ. ಅವರು ತಿಂದಿದ್ದು ಬರೀ ಕೆಂಪು ಮಾಂಸವಲ್ಲ. ಲಿವರ್, ಕಿಡ್ನಿ, ಮೆದುಳು, ಮೂಳೆಯ ಮಜ್ಜೆ ಎಲ್ಲ ಇತ್ತು. ಶಕ್ತಿಯ ಮುಕ್ಕಾಲು ಪಾಲು ಬರುತ್ತಿದ್ದುದು ಕೊಬ್ಬಿನಿಂದ. ಶುರುವಿನಲ್ಲಿ ಸ್ಟೆಫಾನ್ಸನ್‌ಗೆ ಕೊಬ್ಬಿಲ್ಲದ ಮಾಂಸ ಮಾತ್ರ ಕೊಟ್ಟಾಗ ಕೆಲವೇ ದಿನಗಳಲ್ಲಿ ವಾಕರಿಕೆ, ಭೇದಿ ಹಿಡಿಯಿತು. ಕೊಬ್ಬು ಸೇರಿಸಿದ ಮೇಲಷ್ಟೇ ಸರಿಹೋಯಿತು. ಇಬ್ಬರಿಗೂ ಊಟದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ ಸಿಗುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಬರೀ ಇಬ್ಬರು.

2021ರಲ್ಲಿ ಹಾರ್ವರ್ಡ್‌ಗೆ ಸೇರಿದ ಸಂಶೋಧಕರು ಈ ಡಯಟ್ ಪಾಲಿಸುತ್ತಿದ್ದ 2,029 ಮಂದಿಯ ಆನ್‌ಲೈನ್ ಸಮೀಕ್ಷೆ ಪ್ರಕಟಿಸಿದರು. ಹೆಚ್ಚಿನವರು ಆರೋಗ್ಯ ಸುಧಾರಿಸಿದೆ ಅಂದರು. ಆದರೆ ರಕ್ತ ಪರೀಕ್ಷೆಯ ವಿವರ ಕೊಟ್ಟವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಅಂದರೆ ಎಲ್‌ಡಿಎಲ್‌ನ ಮಧ್ಯದ ಮಟ್ಟ 172 ಇತ್ತು. ಸಾಮಾನ್ಯವಾಗಿ 100ರ ಒಳಗಿದ್ದರೆ ಒಳ್ಳೆಯದು. ಇನ್ನೊಂದು ವಿಷಯ, ಇದು ಅವರೇ ಹೇಳಿಕೊಂಡ ಮಾಹಿತಿ. ಡಯಟ್ ಒಗ್ಗದೆ ಬಿಟ್ಟವರು ಇಂಥ ಸಮೀಕ್ಷೆಗೆ ಸಿಗುವುದು ಕಷ್ಟ.

► ನಮ್ಮ ಅಂಗಡಿಯ ಚಿಕನ್ ಲೆಕ್ಕ

ನಮ್ಮಲ್ಲಿ ‘ಬರೀ ಮಾಂಸ’ ಅಂದರೆ ಬಹುತೇಕರಿಗೆ ಚಿಕನ್. ಅದರಲ್ಲೂ ಸ್ಕಿನ್ ಔಟ್. ಚರ್ಮ, ಮೂಳೆ ಇಲ್ಲದ 100 ಗ್ರಾಂ ಹಸಿ ಚಿಕನ್‌ನಲ್ಲಿ ಸಿಗುವ ಶಕ್ತಿ ಸುಮಾರು 120 ಕ್ಯಾಲೊರಿ. ದಿನಕ್ಕೆ 2,000 ಕ್ಯಾಲೊರಿ ಬೇಕಾದ ವ್ಯಕ್ತಿ ಅದೊಂದರಿಂದಲೇ ಹೊಟ್ಟೆ ಹೊರೆಯಬೇಕಾದರೆ ಸುಮಾರು 1.7 ಕೆ.ಜಿ. ತಿನ್ನಬೇಕು. ಅಷ್ಟರಲ್ಲಿ 350 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇರುತ್ತದೆ. ಐಸಿಎಂಆರ್ ಪ್ರಕಾರ 65 ಕೆ.ಜಿ. ತೂಕದ ಗಂಡಸಿಗೆ ದಿನಕ್ಕೆ ಸಾಕಾಗುವುದು 54 ಗ್ರಾಂ.

ಇಷ್ಟೊಂದು ಪ್ರೋಟೀನನ್ನು ಲಿವರ್ ನಿಭಾಯಿಸಲಾರದು. ಸ್ಟೆಫಾನ್ಸನ್‌ಗೆ ಆದದ್ದೂ ಇದೇ. ಕೆನಡಾದ ಕಾಡುಗಳಲ್ಲಿ ಕೊಬ್ಬಿಲ್ಲದ ಮೊಲದ ಮಾಂಸ ಮಾತ್ರ ತಿಂದವರು ಹೊಟ್ಟೆ ತುಂಬಿದ್ದರೂ ಸೊರಗುತ್ತಿದ್ದರು. ಅದನ್ನು ‘ಮೊಲದ ಹಸಿವು’ ಅಂತಲೇ ಕರೆಯುತ್ತಿದ್ದರು. ಸರಿ, ಕೊಬ್ಬಿರುವ ಮಟನ್ ತಿನ್ನೋಣ ಅಂದರೆ ಜೇಬಿಗೂ ಹೃದಯಕ್ಕೂ ಹೊರೆ.

► ಏನೇನು ಕೊರತೆ, ಏನೇನು ತೊಂದರೆ?

ನಾರು: ಮಾಂಸದಲ್ಲಿ ನಾರಿನಂಶ ಸೊನ್ನೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾರು ಇಲ್ಲದಿದ್ದರೆ ಕೆಲವರಿಗೆ ಮಲಬದ್ಧತೆ ಕಾಡುತ್ತದೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಆಹಾರ ಸಿಗುವುದಿಲ್ಲ.

ಸಿ ವಿಟಮಿನ್: ಚೆನ್ನಾಗಿ ಬೇಯಿಸಿದ ಮಾಂಸದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೆಲವು ತಿಂಗಳು ಸಿ ವಿಟಮಿನ್ ಸಿಗದಿದ್ದರೆ ವಸಡಿನಲ್ಲಿ ರಕ್ತ, ಗಾಯ ಮಾಯದಿರುವುದು, ಸುಸ್ತು ಕಾಣಿಸುತ್ತದೆ. ಧ್ರುವ ಪ್ರದೇಶದ ಇನ್ಯೂಟ್ ಜನ ತಿಮಿಂಗಿಲದ ಚರ್ಮವನ್ನು ಹಸಿಯಾಗೇ ತಿಂದು ಸಿ ವಿಟಮಿನ್ ಪಡೆಯುತ್ತಿದ್ದರು. ನಮಗೆ ಅಷ್ಟು ಕಷ್ಟ ಬೇಡ, ಒಂದು ನೆಲ್ಲಿಕಾಯಿ ಸಾಕು.

ಫೋಲೇಟ್, ಕ್ಯಾಲ್ಸಿಯಂ: ಲಿವರ್ ಬಿಟ್ಟರೆ ಮಾಂಸದಲ್ಲಿ ಫೋಲೇಟ್ ಕಡಿಮೆ. ಗರ್ಭಿಣಿಯರು ಅಂತ ಲಿವರನ್ನೇ ಹೆಚ್ಚು ತಿನ್ನುವಂತಿಲ್ಲ, ಎ ವಿಟಮಿನ್ ಮಿತಿಮೀರಿದರೆ ಮಗುವಿಗೆ ಅಪಾಯ. ಹಾಲೂ ಬಿಟ್ಟರೆ ಕ್ಯಾಲ್ಸಿಯಂ ಕೊರತೆಯಾಗುತ್ತದೆ.

ಹೃದಯ: ಕೊಬ್ಬಿನ ಮಾಂಸದಿಂದ ಎಲ್‌ಡಿಎಲ್ ಏರಬಹುದು. ಭಾರತೀಯರಿಗೆ ಹೃದಯದ ಕಾಯಿಲೆ ಬೇರೆ ಹಲವು ದೇಶದವರಿಗಿಂತ ಸಣ್ಣ ವಯಸ್ಸಿನಲ್ಲೇ ಬರುತ್ತದೆ ಅನ್ನೋದನ್ನ ಮರೆಯಬಾರದು.

ಯೂರಿಕ್ ಆಸಿಡ್, ಕಿಡ್ನಿ: ಗೌಟ್ ಇರುವವರಿಗೆ ಹೆಬ್ಬೆರಳ ನೋವು ಮರುಕಳಿಸಬಹುದು. ಕಿಡ್ನಿ ಕಲ್ಲಿನ ಸಾಧ್ಯತೆ ಹೆಚ್ಚುತ್ತದೆ. ಕಿಡ್ನಿ ಈಗಾಗಲೇ ದುರ್ಬಲವಾಗಿದ್ದರೆ ಇಷ್ಟು ಪ್ರೋಟೀನ್ ಬೇಡವೇ ಬೇಡ.

ಕ್ಯಾನ್ಸರ್: ಸಾಸೇಜ್, ಸಲಾಮಿಯಂಥ ಸಂಸ್ಕರಿತ ಮಾಂಸ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಘೋಷಿಸಿತು. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ.18ರಷ್ಟು ಏರುತ್ತದೆ. ಮಟನ್, ಹಂದಿ, ದನದ ಮಾಂಸ ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಯಲ್ಲಿವೆ.

► ಶುಗರ್, ಬಿಪಿ ಮಾತ್ರೆ ತಗೊಳ್ಳೋರೇ, ಇದು ನಿಮಗೆ

ಎಲ್ಲಕ್ಕಿಂತ ತುರ್ತಿನ ಅಪಾಯ ಇಲ್ಲಿದೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತೆಗೆದುಕೊಳ್ಳುತ್ತಾ ಏಕಾಏಕಿ ಅನ್ನ, ಮುದ್ದೆ ನಿಲ್ಲಿಸಿದರೆ ಶುಗರ್ ಅತಿಯಾಗಿ ಇಳಿದು ಎಚ್ಚರ ತಪ್ಪಬಹುದು.

ನಿಮ್ಮ ಮಾತ್ರೆಯ ಹೆಸರು ‘ಗ್ಲಿಫ್ಲೋಜಿನ್’ ಅಂತ ಮುಗಿಯುತ್ತಾ? (ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್.) ಹಾಗಾದರೆ ಇನ್ನೂ ಎಚ್ಚರ ಬೇಕು. ಈ ಮಾತ್ರೆ ಶುಗರನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ಜೊತೆಗೆ ಊಟದಲ್ಲೂ ಪಿಷ್ಟ ಪೂರ್ತಿ ನಿಂತರೆ ರಕ್ತದಲ್ಲಿ ಕೀಟೋನ್ ಆಮ್ಲ ಏರಿ ಜೀವಕ್ಕೇ ಕುತ್ತು ಬರಬಹುದು. ಮೋಸ ಏನೆಂದರೆ, ಆಗ ಗ್ಲುಕೋಮೀಟರ್‌ನಲ್ಲಿ ಶುಗರ್ ಹೆಚ್ಚೇನೂ ಕಾಣಿಸದಿರಬಹುದು. ವಾಂತಿ, ಹೊಟ್ಟೆನೋವು, ಜೋರಾದ ಉಸಿರಾಟ, ವಿಪರೀತ ಸುಸ್ತು ಕಂಡರೆ ಗ್ಯಾಸ್ಟ್ರಿಕ್ ಅಂದುಕೊಂಡು ಮನೆಯಲ್ಲಿ ಕೂರಬೇಡಿ. ಮಾತ್ರೆಯ ಚೀಟಿ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ.

ಬಿಪಿ ಮಾತ್ರೆಯವರಿಗೆ ಮೊದಲ ವಾರದಲ್ಲಿ ನೀರು, ಉಪ್ಪಿನಂಶ ಕಡಿಮೆಯಾಗಿ ತಲೆಸುತ್ತು ಬರಬಹುದು. ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ಡೋಸ್ ಬದಲಿಸುವುದು ವೈದ್ಯರ ಕೆಲಸ.

► ಹಾಗಾದ್ರೆ ಏನು ಮಾಡಬೇಕು?

ಈ ಡಯಟ್‌ನಿಂದ ಆಗುವ ಲಾಭದಲ್ಲಿ ದೊಡ್ಡ ಪಾಲು ಬರುವುದು ಸಕ್ಕರೆ, ಮೈದಾ, ಅನ್ನದ ರಾಶಿ ಬಿಟ್ಟಿದ್ದರಿಂದ. ಸೊಪ್ಪು, ಕಾಳು, ತರಕಾರಿ ಬಿಟ್ಟಿದ್ದರಿಂದಲ್ಲ. ಹಾಗಾಗಿ ಮೊದಲನೆಯದನ್ನು ಕಡಿಮೆ ಮಾಡಿ, ಎರಡನೆಯದನ್ನು ಉಳಿಸಿಕೊಂಡರೆ ಅಪಾಯವಿಲ್ಲದೆ ಲಾಭ ಸಿಗುತ್ತದೆ.

• ನಾಲ್ಕು ಕಡುಬಿನ ಜಾಗದಲ್ಲಿ ಎರಡು. ಪೀಸ್ ಬೇಕಾದರೆ ಒಂದೆರಡು ಹೆಚ್ಚು.

• ಅರ್ಧ ತಟ್ಟೆ ತರಕಾರಿ, ಸೊಪ್ಪಿನ ಪಲ್ಯ. ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ್ದು ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು.

• ವಾರದಲ್ಲಿ ಒಂದೆರಡು ದಿನ ಚಿಕನ್ ಬದಲು ಮೀನು. ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿನಲ್ಲಿ ಕ್ಯಾಲ್ಸಿಯಂ ಇದೆ.

• ಮಾಂಸ ತಿನ್ನದ ದಿನ ಮೊಟ್ಟೆ, ಹುರುಳಿ ಸಾರು, ಮೊಳಕೆ ಕಾಳು.

ಆದರೂ ಮಾಡಿಯೇ ತೀರುತ್ತೇನೆ ಅನ್ನುವವರು ಮೊದಲು ವೈದ್ಯರಿಗೆ ಹೇಳಿ. ಶುರು ಮಾಡುವ ಮುಂಚೆ ಮತ್ತು ಕೆಲವು ವಾರದ ನಂತರ ಕೊಲೆಸ್ಟ್ರಾಲ್, ಕ್ರಿಯಾಟಿನಿನ್, ಯೂರಿಕ್ ಆಸಿಡ್, ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ ಮಾಡಿಸಿ. ಗರ್ಭಿಣಿಯರು, ಬಾಣಂತಿಯರು, ಮಕ್ಕಳು, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು ಈ ಡಯಟ್‌ನ ತಂಟೆಗೆ ಹೋಗದಿರುವುದೇ ಒಳಿತು.

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಶುಗರ್, ಬಿಪಿ ತಪಾಸಣೆ ಉಚಿತ. ಹೆಚ್ಚಿನ ಸಲಹೆಗೆ ಭದ್ರಾವತಿ ತಾಲ್ಲೂಕು ಆಸ್ಪತ್ರೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬಹುದು.