ಹೆಮ್ಲಾಕ್ ಮರದ ಬಿಳಿಯುಣ್ಣೆ

ಹೆಮ್ಲಾಕ್ ಎಂದೊಡನೆ ವಿದ್ಯಾವಂತರಾದ ಕೇಳುಗರಿಗೆ ಸಾಕ್ರಟೀಸನ ವಿಷಪಾತ್ರೆಯ ನೆನಪಾಗಬಹುದು. ಆ ವಿಷವು ಒಂದು ಮೂಲಿಕೆಯದು. ಈಗ ಹೇಳಹೊರಟಿರುವುದು ಅದೇ ಹೆಸರಿನ ಬೇರೊಂದು ಮಹಾವೃಕ್ಷದ ವಿಚಾರ. ಉತ್ತರ ಅಮೆರಿಕದ ಪೂರ್ವಭಾಗದ ಕಣಿವೆಗಳಲ್ಲಿ ಬೆಳೆಯುವ, ಸೂಜಿಯಂಥ ಎಲೆಗಳುಳ್ಳ ಈ ಮರವು ಶತಮಾನಗಳ ಕಾಲ ಬಾಳತಕ್ಕದ್ದು. ಇದರ ದಟ್ಟವಾದ ನೆರಳಿನಲ್ಲಿ ತೊರೆಗಳು ಬೇಸಗೆಯಲ್ಲಿಯೂ ತಣ್ಣಗಿರುವುದರಿಂದ ಟ್ರೌಟ್ ಮೀನುಗಳಿಗೆ ಅಲ್ಲಿ ಆಶ್ರಯ ದೊರೆಯುವುದು.

ಇಂಥ ಮರವನ್ನು ಕೊಲ್ಲುತ್ತಿರುವ ಕೀಟವಾದರೋ ಸಾಸಿವೆಯ ಕಾಳಿನಷ್ಟೂ ಇಲ್ಲ. ಅಡೆಲ್ಜಿಸ್ ತ್ಸುಗೇ ಎಂಬುದು ಅದರ ಶಾಸ್ತ್ರನಾಮ. ನಮ್ಮ ಹಿತ್ತಿಲ ದಾಸವಾಳದ ರೆಂಬೆಯಲ್ಲಿ ಹಿಟ್ಟುತಿಗಣೆ ಬೆಳ್ಳಗೆ ಮುತ್ತಿರುವುದನ್ನು ನೀವು ಕಂಡಿರಬಹುದು. ಹೆಚ್ಚುಕಡಮೆ ಹಾಗೆಯೇ ಇದೂ ಮೇಣದ ಉಣ್ಣೆಯನ್ನು ಹೊದೆದುಕೊಂಡು ಎಲೆಯ ಬುಡದಲ್ಲಿ ಕುಳಿತಿರುವುದು. ತನ್ನ ಮೈಗಿಂತಲೂ ಉದ್ದವಾದ ಕೂದಲೆಳೆಯಂಥ ಕೊಳವೆಯನ್ನು ರೆಂಬೆಯೊಳಕ್ಕೆ ಇಳಿಸಿ, ಮರವು ಕೂಡಿಟ್ಟುಕೊಂಡ ಆಹಾರವನ್ನು ಹೀರುವುದು. ಚಿಗುರು ನಿಲ್ಲುವುದು, ಎಲೆ ಉದುರುವುದು. ಅನೇಕ ಕಡೆ ನಾಲ್ಕರಿಂದ ಹತ್ತು ವರ್ಷಗಳೊಳಗಾಗಿ ಮರವೇ ಒಣಗುವುದು.

ಇದರ ಬಾಳುವೆಯ ಕ್ರಮ ವಿಚಿತ್ರವಾದುದು. ಲೋಕದ ಕೀಟಗಳು ಸಾಮಾನ್ಯವಾಗಿ ಚಳಿಗೆ ಮುದುಡಿಕೊಂಡರೆ, ಇದು ಬೇಸಗೆಯಲ್ಲಿ ನಿದ್ರಿಸಿ ಚಳಿಗಾಲದಲ್ಲಿ ಉಣ್ಣುವುದು. ಹೆಮ್ಲಾಕಿನ ಮೇಲೆ ವರ್ಷಕ್ಕೆ ಎರಡು ಪೀಳಿಗೆ, ಎಲ್ಲವೂ ಹೆಣ್ಣೇ! ಗಂಡಿನ ನೆರವಿಲ್ಲದೆ ಪ್ರತಿಯೊಂದೂ ಮೊಟ್ಟೆಯಿಡುವುದು. ಚಳಿಗಾಲದ ತಾಯಿಯೊಂದು ಮುನ್ನೂರರವರೆಗೂ ಇಡಬಲ್ಲದು. ಆದುದರಿಂದ ಒಂದೇ ಒಂದು ಮರಿ ಹೊಸ ಕಾಡನ್ನು ಸೇರಿದರೂ ಸಂತತಿ ಬೆಳೆಯಲು ಸಾಕು. ವಸಂತದಲ್ಲಿ ಕೆಲವಕ್ಕೆ ರೆಕ್ಕೆ ಮೂಡುವುದುಂಟು. ಅವು ಸ್ಪ್ರೂಸ್ ಮರವನ್ನು ಅರಸಿ ಹಾರುವುವು. ಜಪಾನಿನಲ್ಲಿ ತಕ್ಕ ಸ್ಪ್ರೂಸ್ ಉಂಟು, ಪೂರ್ವ ಅಮೆರಿಕದಲ್ಲಿ ಇಲ್ಲ. ಪಾಪ, ಆ ಶಾಖೆ ಅಲ್ಲಿಗೇ ಮುಗಿಯುವುದು. ಇದರಿಂದ ಹೆಮ್ಲಾಕಿಗೆ ಮಾತ್ರ ಯಾವ ಬಿಡುಗಡೆಯೂ ಇಲ್ಲ.

ದಕ್ಷಿಣ ಜಪಾನೇ ಇದರ ಮೂಲವೆಂದು ವಂಶಧಾತುಗಳ ಹೋಲಿಕೆಯಿಂದ ತಿಳಿದಿದೆ. ಅಲ್ಲಿನ ಮರಗಳಿಗೆ ಸಹನಶಕ್ತಿಯೂ ಕೀಟಕ್ಕೆ ಸಹಜಶತ್ರುಗಳೂ ಇರುವುದರಿಂದ ಹಾನಿ ಅಲ್ಪ. ಪೂರ್ವ ಅಮೆರಿಕದಲ್ಲಿ ಇದು ಮೊದಲು ಗೊತ್ತಾದುದು 1951ರಲ್ಲಿ, ವರ್ಜೀನಿಯ ಪ್ರಾಂತದ ರಿಚ್ಮಂಡಿನಲ್ಲಿ. ಬಳಿಕ ಗಾಳಿ, ಹಕ್ಕಿಯ ಕಾಲು, ಜಿಂಕೆಯ ಮೈ, ಸಸಿ ಮಾರುವವರ ಬಂಡಿ, ಇವೆಲ್ಲ ಇದಕ್ಕೆ ವಾಹನವಾದುವು. 2002ರಲ್ಲಿ ಗ್ರೇಟ್ ಸ್ಮೋಕಿ ಪರ್ವತಗಳಲ್ಲಿಯೂ 2017ರಲ್ಲಿ ಕೆನಡದ ನೋವಾ ಸ್ಕೋಷಿಯದಲ್ಲಿಯೂ ಕಾಣಿಸಿಕೊಂಡಿತು. ಕಡುಚಳಿಯೊಂದೇ ಇದಕ್ಕೆ ಅಡ್ಡಿ. ಚಳಿಗಾಲವು ಬೆಚ್ಚಗಾದಂತೆಲ್ಲ ಉತ್ತರದ ದಾರಿ ತೆರೆಯುತ್ತಿದೆ.

ತೋಟದ ಮರದ ಬುಡಕ್ಕೆ ಔಷಧ ಹಾಕಿ ಉಳಿಸಬಹುದು. ಗಾವುದಗಟ್ಟಲೆ ಕಾಡಿಗೆ ಹಾಕುವವರಾರು? ಅದಕ್ಕಾಗಿ ಪಶ್ಚಿಮ ಅಮೆರಿಕದ ಲ್ಯಾರಿಕೋಬಿಯಸ್ ಎಂಬ ಪುಟ್ಟ ದುಂಬಿಯನ್ನು 2003ರಿಂದ ಪೂರ್ವದ ಕಾಡುಗಳಲ್ಲಿ ಬಿಡುತ್ತ ಬಂದಿದ್ದಾರೆ. ಇದೂ ಚಳಿಯಲ್ಲೇ ಎಚ್ಚತ್ತು ಬೇಟೆಯಾಡುವುದು. ಆದರೆ ಇದು ಚಳಿಗಾಲದ ಪೀಳಿಗೆಯನ್ನು ತಿಂದು ಮಣ್ಣಿಗಿಳಿದ ಮೇಲೆ, ಉಳಿದವುಗಳ ಮರಿಗಳು ವಸಂತದಲ್ಲಿ ಮತ್ತೆ ಹೆಚ್ಚಿಕೊಳ್ಳುತ್ತವೆ. ಆ ವಸಂತದ ಪೀಳಿಗೆಗೆಂದು ಈಗ ಬೆಳ್ಳಿಬಣ್ಣದ ಸಣ್ಣ ನೊಣವೊಂದನ್ನು ಪಶ್ಚಿಮದಿಂದಲೇ ತಂದು ಪರೀಕ್ಷಿಸುತ್ತಿದ್ದಾರೆ.