ಚಾವಡಿ ದಾಟದ ವೈಫೈ

ನಮ್ಮ ಮನೆ ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ. ಮಲ್ಲಿಗೆಗೆ ಹೆಸರಾದ ಊರು. ನಮ್ಮ ಅತ್ತೆಯವರು ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಮಾರಿದ ಹಣವನ್ನು ಡಬ್ಬದಲ್ಲಿ ಕೂಡಿಡುತ್ತಾರೆ. ಕಳೆದ ವರ್ಷ ಮಗಳು ಪಿಯುಸಿಗೆ ಸೇರಿದಾಗ ಅದರಿಂದ ಹದಿನೆಂಟು ಸಾವಿರ ರೂಪಾಯಿ ಎಣಿಸಿ ನನ್ನ ಕೈಗಿಟ್ಟು, "ಮಗುವಿಗೆ ಒಂದು ಕಂಪ್ಯೂಟರ್ ತಾ" ಎಂದರು.

ಪೇಟೆಯ ಅಂಗಡಿಯಲ್ಲಿ ನಾನು ಬಹಳ ಜಾಣತನದಿಂದಲೇ ವಿಚಾರಿಸಿದೆ. ರ್‍ಯಾಮ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬ್ಯಾಗು ಪುಕ್ಕಟೆಯೇ, ಎಲ್ಲ ಕೇಳಿದೆ. ವೈಫೈ ಬಗ್ಗೆ ಕೇಳಲಿಲ್ಲ. ಪರದೆಯ ಮೂಲೆಯಲ್ಲಿ ಬೀಸಣಿಗೆಯಂಥ ಗುರುತು ಪೂರ್ತಿ ತುಂಬಿತ್ತು, ಅಷ್ಟು ಸಾಕೆನಿಸಿತು. ಅಂಗಡಿಯ ರೂಟರ್ ನನ್ನ ತಲೆಯ ಮೇಲಿನ ಗೋಡೆಯಲ್ಲೇ ನೇತಾಡುತ್ತಿದ್ದುದು ನನ್ನ ಗಮನಕ್ಕೆ ಬರಲಿಲ್ಲ. 11.6 ಇಂಚಿನ ಪುಟ್ಟ ಲ್ಯಾಪ್‌ಟಾಪ್ ಮನೆಗೆ ಬಂತು.

ನಮ್ಮದು ಮುರಕಲ್ಲಿನ ಹಳೆಯ ಮನೆ. ರೂಟರ್ ಇರುವುದು ಚಾವಡಿಯಲ್ಲಿ, ಮಗಳ ಮೇಜು ಒಳಕೋಣೆಯಲ್ಲಿ, ನಡುವೆ ಎರಡು ದಪ್ಪ ಗೋಡೆ. ಅಲ್ಲಿ ನನ್ನ ಮೊಬೈಲಿನಲ್ಲಿ ವೀಡಿಯೊ ಓಡುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಒಂದು ಪುಟವೂ ತೆರೆಯುವುದಿಲ್ಲ. ಮಗಳು ದೂರಲಿಲ್ಲ. ರಾತ್ರಿ ಹತ್ತಕ್ಕೂ ಚಾವಡಿಯಲ್ಲಿ ಸೊಳ್ಳೆಬತ್ತಿ ಹಚ್ಚಿಕೊಂಡು ಕೂರುತ್ತಿದ್ದಳು. ಕೇಳಿದರೆ "ಇಲ್ಲಿ ಒಳ್ಳೆ ಗಾಳಿ ಉಂಟಲ್ಲ ಅಜ್ಜಿ" ಎನ್ನುತ್ತಿದ್ದಳು. ಜುಲೈ ತಿಂಗಳ ಒಂದು ಸಂಜೆ ಆನ್‌ಲೈನ್ ಟೆಸ್ಟ್ ಬರೆಯುತ್ತಿದ್ದಾಗ ಚಾವಡಿಗೆ ಇರಚಲು ಹೊಡೆಯಿತು. ಲ್ಯಾಪ್‌ಟಾಪ್ ಎತ್ತಿಕೊಂಡು ಒಳಗೆ ಓಡಿದಳು. ಸಂಪರ್ಕ ಕಡಿಯಿತು, ಟೆಸ್ಟಿನ ಸಮಯ ಮುಗಿಯಿತು. ಅಳುತ್ತಲೇ ಅವಳು ಹೇಳಿದ ಮಾತು: "ಅಜ್ಜಿಗೆ ಹೇಳಬೇಡ ಅಮ್ಮ."

ಎಂಜಿನಿಯರಿಂಗ್ ಓದುವ ಅಕ್ಕನ ಮಗ ರಜೆಗೆ ಬಂದಾಗ ಅದನ್ನು ಅವನ ಮುಂದಿಟ್ಟೆ. ದೊಡ್ಡ ರೂಟರ್ ತಂದರೆ ಸರಿಹೋದೀತೇ ಎಂದು ಕೇಳಿದೆ. ಅವನು ನಕ್ಕ. "ಚಿಕ್ಕಮ್ಮ, ಬಯಲಿನ ಯಕ್ಷಗಾನದ ಮೈಕು ನಿಮ್ಮ ಮನೆವರೆಗೆ ಕೇಳುತ್ತದೆ. ನೀವು ಇಲ್ಲಿಂದ ಕೂಗಿದರೆ ಭಾಗವತರಿಗೆ ಕೇಳುತ್ತದಾ?" ವೈಫೈ ಎಂದರೆ ಎರಡೂ ಕಡೆಯ ಮಾತುಕತೆಯಂತೆ. ರೂಟರ್ ಎಷ್ಟೇ ಜೋರಾಗಿ ಕೂಗಲಿ, ಲ್ಯಾಪ್‌ಟಾಪ್‌ನ ಉತ್ತರ ಅದಕ್ಕೆ ಕೇಳಿಸದಿದ್ದರೆ ಪುಟ ತೆರೆಯದು.

ಆ ಉತ್ತರ ಹೊರಡುವುದು ಲ್ಯಾಪ್‌ಟಾಪ್‌ನೊಳಗಿನ ಆಂಟೆನಾದಿಂದ. ಸಾಮಾನ್ಯವಾಗಿ ಅದು ಪರದೆಯ ಚೌಕಟ್ಟಿನೊಳಗೋ ಕೀಲಿನ ಹತ್ತಿರವೋ ಇರುವ ತೆಳ್ಳಗಿನ ಪಟ್ಟಿ. ಒಳ್ಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಇರುತ್ತವೆ, ಅಗ್ಗದ ಕೆಲವುಗಳಲ್ಲಿ ಒಂದೇ. ನಮ್ಮದರಲ್ಲಿ ಒಂದೇ. ಪ್ಲಾಸ್ಟಿಕ್ ಮೈ ಎಂದು ಮೂಗು ಮುರಿಯಬೇಕಿಲ್ಲ, ರೇಡಿಯೊ ಅಲೆಗೆ ಪ್ಲಾಸ್ಟಿಕ್ ಅಡ್ಡಿಯಲ್ಲ. ಅಡ್ಡಿಯಾಗುವುದು ಲೋಹ. ನೀರೂ ಅಲೆಯನ್ನು ಹೀರುತ್ತದೆ, ಆದ್ದರಿಂದ ಮಳೆಗಾಲದಲ್ಲಿ ನೀರು ಕುಡಿದ ಮುರಕಲ್ಲು ಇನ್ನಷ್ಟು ತಡೆಯುತ್ತದೆ.

ಮೊಬೈಲಿನಲ್ಲಿ ವೈಫೈ ಅಳೆಯುವ ಆ್ಯಪ್ ಹಾಕಿ ಅವನು ಮನೆಯೆಲ್ಲ ಸುತ್ತಿದ. ಅಳತೆಯ ಹೆಸರು ಡಿಬಿಎಂ. ಚಾವಡಿಯಲ್ಲಿ ಮೈನಸ್ 45, ಒಳಕೋಣೆಯಲ್ಲಿ ಮೈನಸ್ 75. ಮಕ್ಕಳಿಗೆ ಇಲ್ಲೊಂದು ಮೋಜಿನ ಲೆಕ್ಕವಿದೆ: 10 ಇಳಿದರೆ ಬಲ ಹತ್ತನೇ ಒಂದು ಭಾಗವಾಗುತ್ತದೆ, 20 ಇಳಿದರೆ ನೂರನೇ ಒಂದು, 30 ಇಳಿದರೆ ಸಾವಿರದ ಒಂದು. ಎರಡು ಗೋಡೆ ದಾಟುವಷ್ಟರಲ್ಲಿ ಸಾವಿರದಲ್ಲಿ ಒಂದು ಪಾಲು ಉಳಿದಿತ್ತು! ಮೈನಸ್ 70ಕ್ಕಿಂತ ಕೆಳಗೆ ವೀಡಿಯೊ ಕ್ಲಾಸು ತಡವರಿಸತೊಡಗುವುದು ಸಾಮಾನ್ಯ.

ರೂಟರ್ ಕಬ್ಬಿಣದ ಕಪಾಟಿನ ಹಿಂದೆ ಅಡಗಿ ಕೂತಿತ್ತು. ಅದನ್ನು ಬಾಗಿಲಿನ ಮೇಲೆ ಎತ್ತರಕ್ಕೆ ಏರಿಸಿದೆವು, ಖರ್ಚಿಲ್ಲ. ಅದು 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಹೆಸರು ತೋರಿಸುತ್ತಿತ್ತು. 5ರದ್ದು ವೇಗ ಹೆಚ್ಚು, ಆದರೆ ಗೋಡೆ ದಾಟುವುದರಲ್ಲಿ ಸೋಲುತ್ತದೆ. ಒಳಕೋಣೆಗೆ 2.4 ಆರಿಸಿದೆವು. ಒಳಗಿನ ವೈಫೈ ಚಿಪ್ ಬೋರ್ಡಿಗೇ ಬೆಸೆದಿದ್ದರಿಂದ ಬದಲಿಸುವಂತಿರಲಿಲ್ಲ. ಸಾವಿರ ರೂಪಾಯಿಯೊಳಗೆ ಸಿಕ್ಕ, ಪುಟ್ಟ ಆಂಟೆನಾ ಇರುವ ಯುಎಸ್‌ಬಿ ವೈಫೈ ಅಡಾಪ್ಟರ್ ಸಿಕ್ಕಿಸಿದೆವು. ಮಗಳು ತನ್ನ ಮೇಜಿಗೆ ಮರಳಿದಳು. "ಇದಕ್ಕೆ ಬಾಲ ಯಾವಾಗ ಬಂತು?" ಎಂದು ಅತ್ತೆಯವರು ಕೇಳಿದರು. ಆಗ ಎಲ್ಲ ಹೇಳಬೇಕಾಯಿತು. ಅವರು ಬೈದದ್ದು ನನಗೆ, ಮೊದಲೇ ಹೇಳಲಿಲ್ಲವೆಂದು.

ಈ ಮೇ ತಿಂಗಳಲ್ಲಿ ತಂಗಿಯ ಮಗನಿಗೂ ಅಷ್ಟೇ ಬೆಲೆಯ ಲ್ಯಾಪ್‌ಟಾಪ್ ಬೇಕಾಯಿತು. ಈ ಸಲ ನಾನೇ ಮುಂದೆ ನಿಂತೆ. ಬಾಕ್ಸಿನ ಮೇಲೆ ವೈಫೈ 5, ವೈಫೈ 6 ಎಂದು ಬರೆದಿದ್ದರೆ ಅದು ಯಾವ ತಲೆಮಾರಿನದು ಎಂದಷ್ಟೇ ತಿಳಿಯುತ್ತದೆ, ಎಷ್ಟು ದೂರ ಎಟಕುತ್ತದೆ ಎಂದಲ್ಲ. ಆದ್ದರಿಂದ ನನ್ನ ಮೊಬೈಲಿನ ಹಾಟ್‌ಸ್ಪಾಟನ್ನು 2.4ಕ್ಕೆ ಇಟ್ಟು ಗಲ್ಲಾದ ಮೇಲಿರಿಸಿ, ಎರಡು ಲ್ಯಾಪ್‌ಟಾಪ್‌ಗಳನ್ನು ಅದಕ್ಕೇ ಜೋಡಿಸಿದೆ. ವಿಂಡೋಸ್ ಸೆಟ್ಟಿಂಗ್ಸ್‌ನ ವೈಫೈ ಪ್ರಾಪರ್ಟೀಸ್‌ನಲ್ಲಿ ಲಿಂಕ್ ಸ್ಪೀಡ್ ಎಂದು ಇರುತ್ತದೆ. ಹತ್ತಿರದಲ್ಲಿ ಒಂದು 72 ತೋರಿಸಿತು, ಇನ್ನೊಂದು 144. ಒಂದೇ ಹಾಟ್‌ಸ್ಪಾಟಿನಲ್ಲಿ ಹೀಗೆ ಅರ್ಧಕ್ಕರ್ಧ ಬಂದರೆ ಮೊದಲನೆಯದರಲ್ಲಿ ಒಂದೇ ಆಂಟೆನಾ ಇರುವ ಸಾಧ್ಯತೆ ಹೆಚ್ಚು.

ಆಮೇಲೆ ಒಂದೊಂದನ್ನೇ ಎತ್ತಿಕೊಂಡು ಅಂಗಡಿಯ ಹೊರಗೆ, ಮೆಟ್ಟಿಲಿನ ಗೋಡೆಯ ಹಿಂದಕ್ಕೆ ನಡೆದೆ. ಮಾಲೀಕರು ಗಾಬರಿಯಾಗಿ ಹುಡುಗನೊಬ್ಬನನ್ನು ನನ್ನ ಬೆನ್ನಿಗೆ ಕಳುಹಿಸಿದರು, ಪಾಪ! ಅದೇ ಜಾಗ, ಅದೇ ಭಂಗಿ: ಒಂದು 13ಕ್ಕೆ ಇಳಿಯಿತು, ಇನ್ನೊಂದು 52ರಲ್ಲಿ ನಿಂತಿತು. ಬೆಲೆಯಲ್ಲಿ ವ್ಯತ್ಯಾಸ ಇದ್ದುದು ಆರು ನೂರು ರೂಪಾಯಿ. ಎರಡನೆಯದನ್ನು ಕೊಂಡೆವು. ಮನೆಯ ಕಟ್ಟಕಡೆಯ ಕೋಣೆಯಲ್ಲಿ ಹಿಡಿಯದಿದ್ದರೆ ಮೂರು ದಿನದೊಳಗೆ ವಾಪಸು ಪಡೆಯುತ್ತೇವೆ ಎಂದು ಬಿಲ್ಲಿನ ಹಿಂದೆ ಬರೆಸಿ, ಮಾಲೀಕರ ಸಹಿ ಹಾಕಿಸಿಕೊಂಡೇ ಬಸ್ ಹತ್ತಿದೆ.